ಹಗೇವು ಉಸಿರು ಬಿಡುವ ತನಕ

"ಗುರುಗಳೇ, ಅಂಗಡಿಗಳಲ್ಲಿ ಕಾಳು ಮುಗಿದ ದಿನ ಮನುಷ್ಯ ಎಲ್ಲಿ ಹುಡುಕಬೇಕು?" ಎಂದು ನಿರಂಜನಯ್ಯ ಕೇಳಿದ.

ನಿರಂಜನಯ್ಯ ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ವಯಸ್ಸು ಐವತ್ತರ ಹತ್ತಿರ. ಬೆಳಿಗ್ಗೆ ಪೇಟೆಗೆ ಹೋದವನು ಬರಿಗೈಯಲ್ಲಿ ಬಂದಿದ್ದ. ಅಕ್ಕಿ ಅಂಗಡಿ ಮುಚ್ಚಿತ್ತು. ರಾಗಿ ಅಂಗಡಿ ತೆರೆದಿತ್ತು, ಆದರೆ ಒಳಗೆ ರಾಗಿ ಇರಲಿಲ್ಲ. ಮಠದಲ್ಲಿ ದಿನಕ್ಕೆ ಊಟಕ್ಕೆ ಅರವತ್ತು ಎಲೆ ಬೀಳುತ್ತಿದ್ದವು.

"ಅಪ್ಪಣೆಯಾದರೆ ಈಗಲೇ ಗಾಡಿ ಕಟ್ಟಿಸುತ್ತೇನೆ. ಹಳ್ಳಿಗಳ ಕಡೆ ಹೋಗಿ ಸಿಕ್ಕಷ್ಟು ತುಂಬಿಕೊಂಡು ಬರುತ್ತೇನೆ. ತಡ ಮಾಡಿದರೆ ಬೇರೆಯವರ ಪಾಲಾಗುತ್ತದೆ" ಎಂದ. ಇಷ್ಟು ಹೇಳುವಾಗಲೂ ಅವನು ನಿಂತೇ ಇದ್ದ.

ಗುರುಗಳು "ಕೂತುಕೋ" ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಹೊಳೆಯ ದಂಡೆಯ ಒಂದು ಊರಿನಲ್ಲಿ ಚಿಕ್ಕತಾಯಮ್ಮ ಎಂಬ ಬಳೆಗಾರ್ತಿ ಇದ್ದಳು. ಗಂಡ ತೀರಿಕೊಂಡ ಮೇಲೆ ಅವನ ಬಳೆಯ ಮಲಾರವನ್ನು ತಾನೇ ಹೆಗಲಿಗೇರಿಸಿಕೊಂಡು, ಸುತ್ತಲಿನ ಹಳ್ಳಿಗಳನ್ನು ತಿರುಗಿ ಬದುಕಿದವಳು. ಇಪ್ಪತ್ತಾರು ವರ್ಷ ಹಾಗೆ ತಿರುಗಿದ್ದಳು. ಒಬ್ಬಳೇ ಮಗಳು. ಅವಳನ್ನು ದೂರದ ಊರಿಗೆ ಕೊಟ್ಟಿತ್ತು. ಈಗ ಚೊಚ್ಚಲ ಹೆರಿಗೆಗೆಂದು ತಾಯಿಯ ಮನೆಗೆ ಬಂದಿದ್ದಳು. ದಿನ ತುಂಬುತ್ತಾ ಬಂದಿತ್ತು.

ಆ ಊರಿಗೆ ಕಾಳುಕಡ್ಡಿ ಬರುತ್ತಿದ್ದುದು ಹೊಳೆಯಾಚೆಯಿಂದ. ಒಂದು ಮಂಗಳವಾರ ಹೊಳೆ ಏರಿ ಸೇತುವೆಯ ಎರಡು ಕಮಾನು ಕುಸಿದವು. ಆಚೆಯ ಗಾಡಿಗಳು ಆಚೆಯೇ ನಿಂತವು.

ಮೊದಲ ದಿನ ಜನ ಹೋಗಿ ಹೊಳೆ ನೋಡಿ ಬಂದರು. ಎರಡನೆಯ ದಿನ ಅಂಗಡಿಗೆ ಹೋದರು. ಒಂದು ಸೇರು ಕೊಳ್ಳುವವರು ಒಂದು ಮೂಟೆ ಕೇಳಿದರು. ಅದನ್ನು ನೋಡಿದವರು ಎರಡು ಮೂಟೆ ಕೇಳಿದರು. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅಕ್ಕಿ ಇರಲಿಲ್ಲ, ರಾಗಿ ಇರಲಿಲ್ಲ, ತೊಗರಿಬೇಳೆ ಇರಲಿಲ್ಲ. ಸಂಜೆಗೆ ಉಪ್ಪೂ ಇರಲಿಲ್ಲ. ಉಪ್ಪು ಮುಗಿಯಿತು ಎಂಬ ಸುದ್ದಿಗೆ ಜನ ಎಲ್ಲಕ್ಕಿಂತ ಹೆಚ್ಚು ಹೆದರಿದರು.

ಚಿಕ್ಕತಾಯಮ್ಮ ಪೇಟೆಗೆ ಹೋದದ್ದು ನಾಲ್ಕನೆಯ ದಿನ. ಮಗಳ ಕಾಲು ಊದಿದೆ ಎಂದು ಮೂರು ದಿನ ಅವಳು ಮನೆ ಬಿಟ್ಟಿರಲಿಲ್ಲ. ಚೀಲ ಹಿಡಿದು ಹೋದವಳಿಗೆ ಕಂಡದ್ದು ಬರಿಯ ಹಲಗೆಗಳು. ಬೆಲ್ಲದ ಅಚ್ಚು ಇಡುತ್ತಿದ್ದ ಜಾಗದಲ್ಲಿ ಇರುವೆ ಹರಿಯುತ್ತಿತ್ತು. ಅಂಗಡಿಯವನು ಖಾಲಿ ಗೋಣಿಚೀಲವನ್ನು ಎಲ್ಲರೆದುರು ಕೊಡವಿ ತೋರಿಸುತ್ತಿದ್ದ. ಕೊಡವಿದಾಗ ಉದುರಿದ ನಾಲ್ಕು ಕಾಳನ್ನು ಒಬ್ಬ ಹೆಂಗಸು ಮಣ್ಣಿನ ಸಮೇತ ಬಾಚಿ ಸೆರಗಿಗೆ ಹಾಕಿಕೊಂಡಳು. ಆ ಹೆಂಗಸು ಬಡವಳಲ್ಲ. ಅವಳ ಮನೆಯವರ ಕೈಗೆಲ್ಲ ಚಿಕ್ಕತಾಯಮ್ಮನೇ ಬಳೆ ತೊಡಿಸಿದ್ದಳು. ಇಬ್ಬರ ಕಣ್ಣೂ ಕೂಡಿದವು. ಆ ಹೆಂಗಸು ಗುರುತಿಲ್ಲದವಳಂತೆ ಮುಖ ತಿರುಗಿಸಿ ಹೋದಳು.

ಅಂಗಡಿ ಬರಿದಾದದ್ದನ್ನು ಕಂಡು ಚಿಕ್ಕತಾಯಮ್ಮ ಅಷ್ಟು ಹೆದರಿರಲಿಲ್ಲ. ಆ ಹೆಂಗಸು ಹಾಗೆ ಮುಖ ತಿರುಗಿಸಿದ್ದನ್ನು ಕಂಡು ಹೆದರಿದಳು.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಹಿಟ್ಟಿನ ಮಡಕೆ ನೋಡಿದಳು. ಐದು ದಿನಕ್ಕಾಗುವಷ್ಟಿತ್ತು. ಅರೆಹೊಟ್ಟೆ ಉಂಡರೆ ಎಂಟು ದಿನ. ಆದರೆ ಬಸುರಿಗೆ ಅರೆಹೊಟ್ಟೆ ಇಡುವುದು ಹೇಗೆ? ಬಾಣಂತಿಗೆ ಏನು ಕೊಡುವುದು? ಮಗಳು ಒಳಗಿಂದ "ಏನು ಸಿಕ್ತವ್ವ?" ಎಂದು ಕೇಳಿದಳು. "ನಾಳೆ ಬರುತ್ತಂತೆ" ಎಂದು ತಾಯಿ ಸುಳ್ಳು ಹೇಳಿದಳು.

ಅವಳ ಬೀದಿಯಲ್ಲಿ ಹನ್ನೊಂದು ಮನೆ. ಬೆಳಗಾದರೆ ಎಲ್ಲ ಮನೆಯಿಂದಲೂ ಬೀಸುವ ಕಲ್ಲಿನ ಸದ್ದು ಬರುತ್ತಿತ್ತು. ಐದನೆಯ ದಿನ ಬೆಳಿಗ್ಗೆ ಒಂದು ಮನೆಯಿಂದಲೂ ಬರಲಿಲ್ಲ. ಕಾಳು ಮುಗಿದದ್ದು ಕೆಲವು ಮನೆಯಲ್ಲಿ ಮಾತ್ರ. ಉಳಿದ ಮನೆಗಳಲ್ಲಿ ಕಲ್ಲಿನ ಕೆಳಗೆ ಕಂಬಳಿ ಹಾಸಿಕೊಂಡು, ಕದ ಮುಚ್ಚಿ, ಮೆಲ್ಲಗೆ ಬೀಸುತ್ತಿದ್ದರು. ತಮ್ಮಲ್ಲಿ ಇದೆ ಎಂದು ಪಕ್ಕದ ಮನೆಗೆ ತಿಳಿಯಬಾರದು. ಚಿಕ್ಕತಾಯಮ್ಮನೂ ಕಂಬಳಿ ಹಾಸಿದಳು.

ಸುದ್ದಿಗಳು ಬಂದವು. ಸೇತುವೆಗೆ ಆರು ತಿಂಗಳಂತೆ. ಮೇಲಿನ ಪೇಟೆಯಲ್ಲಿ ಒಂದು ಸೇರು ರಾಗಿಗೆ ತಲೆ ಒಡೆದರಂತೆ. ಹಳ್ಳಿಯವರು ಊರಿನವರನ್ನು ಹಳ್ಳಿಯೊಳಗೆ ಬಿಡುವುದಿಲ್ಲವಂತೆ. ಯಾರು ಕಂಡರು ಎಂದು ಕೇಳಿದರೆ ಯಾರೂ ಕಂಡಿರಲಿಲ್ಲ. ಆದರೂ ಎಲ್ಲರೂ ಹೇಳುತ್ತಿದ್ದರು.

ಆ ದಿನ ಬೀದಿಯ ಜನ ಅವಳ ಜಗಲಿಯ ಮುಂದೆ ಸೇರಿದರು. "ತಾಯಮ್ಮ, ನೀನು ತಿರುಗದ ಹಳ್ಳಿ ಇಲ್ಲ. ಎಲ್ಲಾದರೂ ಕಾಳಿರೋ ಮನೆ ಗೊತ್ತಿದ್ದರೆ ಹೇಳು. ಎಲ್ಲರೂ ಸೇರಿ ತರೋಣ" ಎಂದರು.

ಅವಳಿಗೆ ಗೊತ್ತಿತ್ತು. ಬಳೆ ತೊಡಿಸುವವಳಿಗೆ ಮನೆಯ ಒಳಗುಟ್ಟು ತಿಳಿಯದೆ ಇರುವುದಿಲ್ಲ. ಎರಡು ಹರದಾರಿ ದೂರದ ಹುಣಸೆಕಟ್ಟೆಯಲ್ಲಿ ಕರೀಗೌಡ ಎಂಬ ಮುದುಕ ರೈತನಿದ್ದ. ಅವನ ಕಣದ ಅಂಚಿನಲ್ಲಿ ಒಂದು ಹಗೇವು ಇತ್ತು. ಹಿಂದಿನವರು ನೆಲದೊಳಗೆ ಅಗೆದ ರಾಗಿಯ ಕಣಜ. ಬಾಯಿ ಒಬ್ಬ ಆಳು ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಅದನ್ನು ಅರ್ಧ ತೆಗೆದು ಮುಚ್ಚಿ ಆರು ವರ್ಷವಾಯಿತು ಎಂದು ಗೌಡನ ಹೆಂಡತಿ ನಿಂಗಮ್ಮ ಹಿಂದಿನ ಹಬ್ಬದಲ್ಲಿ ಹೇಳಿದ್ದಳು.

ಚಿಕ್ಕತಾಯಮ್ಮ ಎದುರಿಗೆ ನಿಂತ ಮುಖಗಳನ್ನು ನೋಡಿದಳು. ಹನ್ನೊಂದು ಮನೆ. ಒಂದೊಂದು ಮನೆಯಲ್ಲಿ ಐದಾರು ಬಾಯಿ. ಇವರು ಹೋದರೆ ಪಕ್ಕದ ಬೀದಿಯವರು ಸುಮ್ಮನಿರುತ್ತಾರೆಯೇ?

"ನನಗೇನು ಗೊತ್ತಪ್ಪ" ಎಂದಳು. "ಈಗ ಹಳ್ಳಿಲೂ ಏನಿಲ್ಲ."

ಜನ ಕರಗಿದರು. ಅವಳು ಒಳಗೆ ಹೋಗಿ ಗೋಡೆಗೆ ಒರಗಿ ಕೂತಳು. ಆ ಬೀದಿಯಲ್ಲಿ ಇಪ್ಪತ್ತಾರು ವರ್ಷದಲ್ಲಿ ಅವಳು ಯಾರಿಗೂ ಇಲ್ಲ ಎಂದವಳಲ್ಲ.

ಆದರೆ ರಾಗಿ ತರಲು ಗಾಡಿ ಬೇಕು. ಪಕ್ಕದ ಮನೆಯ ಜವರಯ್ಯನಿಗೆ ಒಂದು ಗಾಡಿ, ಒಂದು ಜೊತೆ ಎತ್ತು ಇದ್ದವು. ಬಾಡಿಗೆ ಹೊಡೆದು ಸಂಸಾರ ನಡೆಸುತ್ತಿದ್ದ. ಅವಳನ್ನು ಅಕ್ಕ ಎಂದು ಕರೆಯುತ್ತಿದ್ದ, ಅಕ್ಕನ ಹಾಗೆಯೇ ನಡೆಸಿಕೊಳ್ಳುತ್ತಿದ್ದ. ಅವಳ ಗಂಡನ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಅವನೊಬ್ಬ. ಅವನ ಹೆಂಡತಿ ಸಾಕಮ್ಮ, ಇಬ್ಬರು ಹೆಣ್ಣುಮಕ್ಕಳು. ಚಿಕ್ಕತಾಯಮ್ಮ ಹಿತ್ತಲ ಬೇಲಿಯ ಹತ್ತಿರ ಅವನನ್ನು ಕರೆದು ಹಗೇವಿನ ವಿಷಯ ಹೇಳಿದಳು. "ನಮ್ಮ ಎರಡು ಮನೆಗೆ ಸಾಕು. ಯಾರಿಗೂ ಹೇಳಬೇಡ, ಜವರಯ್ಯ" ಎಂದಳು.

ಜವರಯ್ಯ ಬೀದಿಯ ಕಡೆ ನೋಡಿದ. "ಬೀದಿಯವರಿಗೆ?" ಎಂದ.

"ಮೊದಲು ನಮಗೆ ಆಗಲಿ."

ಅವನು ತಲೆಯಾಡಿಸಿದ. ಅವನ ಮನಸ್ಸಿನಲ್ಲೂ ಅದೇ ಇತ್ತು.

ಮಾರನೆಯ ದಿನ ಬೆಳ್ಳಂಬೆಳಗ್ಗೆ ಇಬ್ಬರೂ ಹೊರಟರು. ಖಾಲಿ ಚೀಲಗಳನ್ನು ಹುಲ್ಲಿನ ಕೆಳಗೆ ಮುಚ್ಚಿಟ್ಟರು. ಎತ್ತಿನ ಕೊರಳಿನ ಗೆಜ್ಜೆಯನ್ನು ಜವರಯ್ಯ ಬಿಚ್ಚಿಟ್ಟಿದ್ದ. ಬೀದಿಯ ಕೊನೆಯ ಮನೆಯವನು ಬಾಗಿಲಲ್ಲಿ ನಿಂತಿದ್ದ. "ಎಲ್ಲಿಗೆ ತಾಯಮ್ಮ?" ಎಂದ. "ಮಗಳಿಗೆ ಬೇರಿನ ಔಷಧಿ ತರೋಕೆ" ಎಂದಳು. ಅವನು ಮತ್ತೇನೂ ಕೇಳಲಿಲ್ಲ. ಅವನು ಕೇಳದೆ ಬಿಟ್ಟದ್ದೇ ಅವಳಿಗೆ ಅನುಮಾನವಾಯಿತು. ದಾರಿಯುದ್ದಕ್ಕೂ ಅವಳು ಹಿಂದಕ್ಕೆ ತಿರುಗಿ ನೋಡುತ್ತಲೇ ಇದ್ದಳು. ಮರದ ನೆರಳು ಕಂಡರೂ ಯಾರೋ ಬಂದ ಹಾಗಾಗುತ್ತಿತ್ತು. ಜವರಯ್ಯ ಎತ್ತುಗಳನ್ನು ಹೊಡೆದ. ಅವನು ಎತ್ತನ್ನು ಹೊಡೆದದ್ದನ್ನು ಅವಳು ಹಿಂದೆ ಕಂಡಿರಲಿಲ್ಲ.

ಹುಣಸೆಕಟ್ಟೆಯಲ್ಲಿ ಯಾರೂ ಅವರನ್ನು ತಡೆಯಲಿಲ್ಲ. ನಿಂಗಮ್ಮ ಕಾಲಿಗೆ ನೀರು ಕೊಟ್ಟಳು. ಕರೀಗೌಡ ಅವಳ ಮಾತನ್ನೆಲ್ಲ ಕೇಳಿ, "ಅದಕ್ಯಾಕೆ ಇಷ್ಟು ನಡುಗ್ತೀಯ ಬಳೆಗಾರ್ತಮ್ಮ? ರಾಗಿ ಇರೋದೇ ಉಣ್ಣೋಕೆ. ಹೊಸದು ತುಂಬೋ ಮೊದಲು ಹಳೇದನ್ನ ತೆಗೀಲೇಬೇಕಿತ್ತು" ಎಂದ. ಬೆಲೆಯ ಮಾತನ್ನು ಅವಳು ಎತ್ತಿದಾಗ ಅವನು ಕೈ ಬೀಸಿಬಿಟ್ಟ.

ಮೂವರೂ ಕಣಕ್ಕೆ ಹೋದರು. ಗೌಡ ಮೇಲಿನ ಮಣ್ಣು ಕೆರೆದ. ಜವರಯ್ಯ ಹಾರೆ ಹಾಕಿ ಚಪ್ಪಡಿ ಸರಿಸಿದ. ಒಳಗಿಂದ ಬೆಚ್ಚಗಿನ, ಹುಳಿಯಾದ ಒಂದು ವಾಸನೆ ಮೇಲೆ ಬಂತು. ಎರಡಾಳು ಆಳದಲ್ಲಿ ರಾಗಿ ಕಂಡಿತು. ಬಿಸಿಲು ಬಿದ್ದ ಕಡೆ ಕೆಂಪಗೆ, ಉಳಿದ ಕಡೆ ಕಪ್ಪಗೆ. ಅಷ್ಟು ರಾಗಿಯನ್ನು ಒಂದೇ ಕಡೆ ಕಂಡು ಚಿಕ್ಕತಾಯಮ್ಮನ ಕಣ್ಣಲ್ಲಿ ನೀರು ಬಂತು.

ಗೌಡ ಹಗ್ಗಕ್ಕೆ ಒಂದು ದೀಪ ಕಟ್ಟಿ ಒಳಗೆ ಇಳಿಬಿಟ್ಟ. ಒಂದಾಳು ಇಳಿಯುವಷ್ಟರಲ್ಲಿ ದೀಪ ಆರಿತು. ಗಾಳಿ ಬೀಸಿ ಆರಿದ ಹಾಗಲ್ಲ, ಯಾರೋ ಬೆರಳಲ್ಲಿ ಹಿಸುಕಿದ ಹಾಗೆ ಆರಿತು.

"ಆರು ವರ್ಷ ಮುಚ್ಚಿದ ಹಗೇವು. ಒಳಗಿನ ಗಾಳಿ ಕೆಟ್ಟಿದೆ" ಎಂದ ಗೌಡ. "ಅದು ಉಸಿರು ಬಿಡಬೇಕು. ನಾಳೆ ಇಷ್ಟು ಹೊತ್ತಿಗೆ ಮತ್ತೆ ದೀಪ ಇಳಿಸೋಣ. ದೀಪ ಉರಿದರೆ ಮನುಷ್ಯ ಇಳೀಬಹುದು. ಅಲ್ಲೀತನಕ ಹತ್ತಿರ ಹೋಗಬೇಡಿ. ಇವತ್ತು ನಮ್ಮನೇಲೇ ಇರಿ."

"ನಾಳೆಯೇ ಗೌಡರೇ?" ಎಂದಳು ಚಿಕ್ಕತಾಯಮ್ಮ. "ಅಷ್ಟರಲ್ಲಿ ಬೇರೆ ಯಾರಾದರೂ ಬಂದರೆ?"

"ಬಂದರೆ ಬರಲಿ. ಒಳಗೆ ಇಪ್ಪತ್ತು ಪಲ್ಲ ಇದೆ. ನಿಮ್ಮ ಬೀದಿಯವರೆಲ್ಲ ಮಳೆಗಾಲ ಪೂರ್ತಿ ಉಂಡರೂ ಉಳೀತದೆ."

ಅವನು ಹೇಳಿದ್ದು ಅವಳ ಕಿವಿಗೆ ಬಿತ್ತು. ಮನಸ್ಸಿಗೆ ಇಳಿಯಲಿಲ್ಲ. ನಾಳೆ ಎಂಬ ಮಾತೊಂದೇ ಇಳಿಯಿತು.

ಗೌಡ ಹಗೇವಿನ ಬಾಯಿಗೆ ಒಂದು ಜಾಲಿಮುಳ್ಳಿನ ಕೊಂಬೆ ಎಳೆದುಹಾಕಿದ. ಬಂದವರ ಎತ್ತಿಗೆ ಹಸಿಹುಲ್ಲು ಕೊಯ್ದು ತರುತ್ತೇನೆ ಎಂದು ಹೊಲಕ್ಕೆ ಹೋದ. ನಿಂಗಮ್ಮ ಒಳಗೆ ಒಲೆಯ ಮುಂದಿದ್ದಳು. ಕಣದಲ್ಲಿ ಇಬ್ಬರೇ ಉಳಿದರು.

ಆಮೇಲೆ ಜವರಯ್ಯ ಮುಳ್ಳಿನ ಕೊಂಬೆಯನ್ನು ಪಕ್ಕಕ್ಕೆ ಸರಿಸಿದ. "ಇಳಿಯೋದು ಬೇಡ. ಮೇಲಿಂದಲೇ ನೋಡೋಣ" ಎಂದ. ಹಗ್ಗಕ್ಕೆ ಬಿಂದಿಗೆ ಕಟ್ಟಿ ಇಳಿಸಿದರು. ಎಷ್ಟು ಆಡಿಸಿದರೂ ಬಿಂದಿಗೆ ರಾಗಿಯ ಮೇಲೆ ಉರುಳಿತೇ ಹೊರತು ತುಂಬಲಿಲ್ಲ. ಮೇಲೆ ಎಳೆದಾಗ ತಳದಲ್ಲಿ ಒಂದು ಹಿಡಿ ಇತ್ತು. ಚಿಕ್ಕತಾಯಮ್ಮ ಆ ಹಿಡಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಕಾಳು ಇನ್ನೂ ಬೆಚ್ಚಗಿತ್ತು.

ಆಗ ದಾರಿಯಲ್ಲಿ ಧೂಳೆದ್ದಿತು. ಊರಿನ ಕಡೆಯಿಂದ ಮೂರು ಗಾಡಿ ಬರುತ್ತಿದ್ದವು. ಮೂರಕ್ಕೂ ಮೇಲುಹೊದಿಕೆ.

"ಬಂದರು" ಎಂದಳು ಅವಳು.

"ಯಾರು?"

"ನಮ್ಮೂರಿನವರು. ಆ ಕೊನೇ ಮನೆಯವನು ಹೇಳಿದ್ದಾನೆ. ನಮ್ಮ ಹಿಂದೇನೇ ಬಂದಿದ್ದಾರೆ. ಮೂರು ಗಾಡಿ, ಜವರಯ್ಯ. ಎಲ್ಲ ಬಳಕೊಂಡು ಹೋಗ್ತಾರೆ. ನಾವು ಇಲ್ಲೇ ಕೂತು ನೋಡ್ತೀವಿ."

ಅವಳು ಒಂದು ಮುಖವನ್ನೂ ಕಂಡಿರಲಿಲ್ಲ.

ಅವಳು ಸೀರೆ ಎತ್ತಿ ಕಚ್ಚೆ ಕಟ್ಟಿದಳು. ಹಗೇವಿನ ಅಂಚಿನಲ್ಲಿ ಕೂತು ಕಾಲು ಒಳಗೆ ಬಿಟ್ಟಳು. ಅಂಗಾಲಿಗೆ ಒಳಗಿನ ಬಿಸಿ ತಾಗಿತು. ಜವರಯ್ಯ ಅವಳ ರಟ್ಟೆ ಹಿಡಿದು ಎಳೆದ.

"ನೀನು ಬೇಡಕ್ಕ. ಮನೇಲಿ ತುಂಬಿದ ಬಸುರಿ ಅವಳೆ. ನಾನಿಳೀತೀನಿ. ಒಂದು ಚೀಲ ತುಂಬಿ ಕೊಡ್ತೀನಿ, ಅಷ್ಟೇ. ಉಸಿರು ಹಿಡಕೊಂಡರೆ ಆಯ್ತು."

ಬೇಡ ಎನ್ನಲು ಅವಳು ಬಾಯಿ ತೆರೆದಳು. ಬಾಯಿಂದ ಬಂದದ್ದು "ಬೇಗ" ಎಂಬ ಮಾತು.

ಜವರಯ್ಯ ಚೀಲವನ್ನು ಹೆಗಲಿಗೆ ಹಾಕಿಕೊಂಡ. ಹಗ್ಗವನ್ನು ಪಕ್ಕದ ಮರದ ಬುಡಕ್ಕೆ ಬಿಗಿದ. ಸೊಂಟಕ್ಕೆ ಕಟ್ಟಿಕೊಳ್ಳುವಷ್ಟು ವ್ಯವಧಾನ ಇರಲಿಲ್ಲ. ಕೈಯಲ್ಲೇ ಹಿಡಿದು ಇಳಿದ. ಅವನ ಕಾಲು ರಾಗಿಯಲ್ಲಿ ಹೂತ ಸದ್ದು ಕೇಳಿಸಿತು. ಚೀಲದ ಬಾಯಿ ಬಿಡಿಸಿ ಎರಡು ಬೊಗಸೆ ತುಂಬಿದ. ಮೂರನೆಯ ಬೊಗಸೆಗೆ ಬಗ್ಗಿದವನು ತಲೆಯೆತ್ತಿ ಮೇಲೆ ನೋಡಿದ.

"ಅಕ್ಕ" ಎಂದ.

ಆಮೇಲೆ ಗೋಡೆಗೆ ಒರಗಿ ಕೂತ. ದಣಿದವನು ಕೂತ ಹಾಗೆ. ಚೀಲ ತೊಡೆಯ ಮೇಲಿತ್ತು.

"ಜವರಯ್ಯ" ಎಂದು ಕರೆದಳು. "ಏಳೋ. ಹಗ್ಗ ಹಿಡಕೊಳ್ಳೋ." ಅವನು ಅಲುಗಲಿಲ್ಲ. ಹಗ್ಗವನ್ನು ಅವನ ಮುಖದ ಮುಂದೆ ಆಡಿಸಿದಳು. ಹಗ್ಗ ಅವನ ಕೆನ್ನೆಗೆ ತಾಗಿತು, ಭುಜಕ್ಕೆ ತಾಗಿತು. ಅವನ ಕಣ್ಣು ತೆರೆದೇ ಇದ್ದವು. ಅವಳು ಮತ್ತೆ ಕಾಲು ಒಳಗೆ ಬಿಟ್ಟಳು. ಹಗ್ಗ ಹಿಡಿದು ಅರ್ಧ ಮೈ ಇಳಿದಿದ್ದಳು. ಹಿಂದಿನಿಂದ ಯಾರೋ ಅವಳ ತೋಳನ್ನೂ ಜಡೆಯನ್ನೂ ಒಟ್ಟಿಗೆ ಹಿಡಿದು ಎಳೆದು ನೆಲಕ್ಕೆ ಕೆಡವಿದರು. ಕರೀಗೌಡ. ಅವಳ ಕೂಗು ಕೇಳಿ ಹುಲ್ಲಿನ ಹೊರೆ ಎಸೆದು ಓಡಿಬಂದಿದ್ದ. ಅವಳು ಅವನ ಕೈ ಕಚ್ಚಿದಳು. ಅವನು ಬಿಡಲಿಲ್ಲ.

"ಇಳಿದರೆ ನೀನೂ ಅಲ್ಲೇ" ಎಂದ. "ನಮ್ಮಪ್ಪನ ಕಾಲದಲ್ಲಿ ಒಬ್ಬನ ಹಿಂದೆ ಒಬ್ಬ ನಾಲ್ಕು ಜನ ಹಿಂಗೇ ಹೋದರು."

ಅಷ್ಟರಲ್ಲಿ ಮೂರು ಗಾಡಿಗಳೂ ಕಣದ ಮುಂದೆ ಬಂದು ನಿಂತವು. ಇಳಿದವರು ದಾರಿಯ ನಡುವಿನ ಒಂದು ಹಳ್ಳಿಯ ಕುಂಬಾರರು. ಮುಂದಿನ ಸಂತೆಗೆ ಮಡಕೆ ಕೊಂಡೊಯ್ಯುತ್ತಿದ್ದರು. ಹೊದಿಕೆಯ ಕೆಳಗೆ ಹುಲ್ಲಿನಲ್ಲಿ ಸುತ್ತಿದ ಮಡಕೆಗಳಿದ್ದವು. ಊರಿನಲ್ಲಿ ಕಾಳಿಲ್ಲ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಕುಂಬಾರರು ಹೊದಿಕೆ ಬಿಚ್ಚಿ ಹಗೇವಿನ ಬಾಯಲ್ಲಿ ಬೀಸಿ ಗಾಳಿ ಆಡಿಸಿದರು. ನಿಂಗಮ್ಮ ಬಾವಿಮನೆಯಿಂದ ಪಾತಾಳಗರಡಿ ತಂದಳು. ಬಾವಿಗೆ ಬಿದ್ದ ಕೊಡ ಎತ್ತುವ ಕಬ್ಬಿಣದ ಕೊಕ್ಕೆ. ಅದನ್ನು ಇಳಿಸಿ ಇಳಿಸಿ, ಕೊನೆಗೆ ಅವನ ಸೊಂಟದ ಪಂಚೆಗೆ ಸಿಕ್ಕಿಸಿ ಎಳೆದರು. ಚಿಕ್ಕತಾಯಮ್ಮನೂ ಹಗ್ಗಕ್ಕೆ ಕೈ ಹಾಕಿದಳು. ಮೇಲೆ ಬಂದಾಗ ಅವನ ಮೈ ಬೆಚ್ಚಗಿತ್ತು. ಎದೆ ಒತ್ತಿದರು, ನೀರು ಎರಚಿದರು, ಕಿವಿಯಲ್ಲಿ ಕೂಗಿದರು. ಅವನು ಏಳಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಾಡಿ ಊರಿನ ಬೀದಿಗೆ ಬಂತು. ಕುಂಬಾರನೊಬ್ಬ ಎತ್ತು ಹೊಡೆಯುತ್ತಿದ್ದ. ಚಿಕ್ಕತಾಯಮ್ಮ ಹಿಂದೆ ಕೂತಿದ್ದಳು. ಜವರಯ್ಯನ ಮೇಲೆ ಖಾಲಿ ಚೀಲಗಳನ್ನು ಹೊದಿಸಿದ್ದರು. ಬೇರೆ ಬಟ್ಟೆ ಇರಲಿಲ್ಲ.

ಜಗಲಿಗಳಿಂದ ಜನ ಎದ್ದರು. ಔಷಧಿಯ ಮಾತನ್ನು ಯಾರೂ ನಂಬಿರಲಿಲ್ಲ ಎಂದು ಅವಳಿಗೆ ಆಗ ತಿಳಿಯಿತು. ಒಬ್ಬಳು ಮೊರ ಹಿಡಿದೇ ಓಡಿಬಂದಳು. "ಸಿಕ್ತಾ ತಾಯಮ್ಮ? ಎಷ್ಟು ಸಿಕ್ತು?" ಎಂದು ನಾಲ್ಕೂ ಕಡೆಯಿಂದ ಕೇಳಿದರು. ಸಾಕಮ್ಮ ಜನರನ್ನು ತಳ್ಳಿಕೊಂಡು ಬಂದಳು. ಗಾಡಿಯಲ್ಲಿ ಚೀಲಗಳನ್ನು ಕಂಡು ಅವಳ ಮುಖ ಅರಳಿತು. "ಇವರೆಲ್ಲಿ ಅಕ್ಕ?" ಎಂದು ಕೇಳುತ್ತಲೇ ಒಂದು ಚೀಲ ಎತ್ತಿದಳು.

ಆ ಕೂಗಿಗೆ ಬೀದಿಯ ಕೊನೆಯವರೆಗೂ ಬಾಗಿಲುಗಳು ತೆರೆದವು.

ಸಂಜೆಯೊಳಗೆ ಮಣ್ಣು ಮಾಡಿ ಬಂದರು. ಬಿದಿರು, ನೀರು, ಹೆಗಲು, ಎಲ್ಲವನ್ನೂ ಬೀದಿಯವರೇ ಕೊಟ್ಟರು. ಹಿಟ್ಟು ಬಚ್ಚಿಟ್ಟಿದ್ದ ಮನೆಗಳಿಂದಲೇ ಸಾಕಮ್ಮನ ಮಕ್ಕಳಿಗೆ ಊಟ ಬಂತು. ಚಿಕ್ಕತಾಯಮ್ಮ ತನ್ನ ಮಡಕೆಯಲ್ಲಿದ್ದುದರಲ್ಲಿ ಅರ್ಧ ತಂದು ಅವರ ಮನೆಯಲ್ಲಿಟ್ಟಳು. ಯಾರ ಮುಖವನ್ನೂ ನೋಡಲಿಲ್ಲ. ಮನೆಗೆ ಬಂದು ಮಗಳ ಪಕ್ಕದಲ್ಲಿ ಮಲಗಿದಳು. ಹಗ್ಗ ಅವನ ಕೆನ್ನೆಗೆ ತಾಗಿದ್ದು ಕಣ್ಣು ಮುಚ್ಚಿದಾಗಲೆಲ್ಲ ಕಾಣುತ್ತಿತ್ತು.

ಮೂರನೆಯ ದಿನ ಕರೀಗೌಡನೇ ಬಂದ. ಜೊತೆಗೆ ಅವನ ಇಬ್ಬರು ಮಕ್ಕಳು, ಎರಡು ಗಾಡಿ ತುಂಬ ರಾಗಿ. ಹಗೇವಿನಲ್ಲಿ ದೀಪ ನಿಂತು ಉರಿದ ಮೇಲೆ ಅವರು ಇಳಿದಿದ್ದರು. ಹಗಲು ಪೂರ್ತಿ ತುಂಬಿದರು. ಯಾರಿಗೂ ತಲೆ ಕೂಡ ತಿರುಗಲಿಲ್ಲ. "ಇನ್ನೂ ಅಷ್ಟೇ ಇದೆ. ಬೇಕಾದಾಗ ಬನ್ನಿ" ಎಂದು ಗೌಡ ಬೀದಿಯವರಿಗೆ ಹೇಳಿದ.

ಯಾರೂ ರಾಗಿಯ ಹತ್ತಿರ ಹೋಗಲಿಲ್ಲ. ಎಲ್ಲರೂ ಸಾಕಮ್ಮನ ಬಾಗಿಲನ್ನು ನೋಡುತ್ತಿದ್ದರು. ಸಾಕಮ್ಮ ಹೊರಗೆ ಬಂದು ಹೊಸ್ತಿಲಲ್ಲಿ ನಿಂತಳು. ಆಗ ಚಿಕ್ಕತಾಯಮ್ಮ ಜನರ ನಡುವಿನಿಂದ ಮುಂದೆ ಬಂದಳು. ಹಗೇವಿಗೆ ಇಳಿಯಲು ಕೂತಾಗ ಕೂಡ ಅವಳು ಅಷ್ಟು ಹೆದರಿರಲಿಲ್ಲ.

"ನನಗೆ ಗೊತ್ತಿತ್ತು. ಗೊತ್ತಿಲ್ಲ ಅಂತ ನಿಮಗೆಲ್ಲ ಸುಳ್ಳು ಹೇಳಿದೆ" ಎಂದಳು. "ನಾಳೆ ಅಂತ ಗೌಡರು ಹೇಳಿದ್ದರು. ನಾನು ಕೇಳಲಿಲ್ಲ. ನಾನೇ ಇಳೀಬೇಕಿತ್ತು. ಅವನು ನಾನಿಳೀತೀನಿ ಅಂದ. ಬೇಡ ಅನ್ನಲಿಲ್ಲ ಸಾಕಮ್ಮ, ಬೇಗ ಅಂದೆ."

ಸಾಕಮ್ಮ ಅವಳನ್ನೇ ನೋಡಿದಳು. ತನ್ನ ಮೇಲೆ ಬೀಳುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡು ಚಿಕ್ಕತಾಯಮ್ಮ ಕಣ್ಣು ಮುಚ್ಚಿ ನಿಂತಳು. ಹೊಡೆಯಲಿ ಎಂದೇ ಅವಳಿಗಿತ್ತು.

"ಅವತ್ತು ಬೆಳಿಗ್ಗೆ ಅವರು ಹೊರಡುವಾಗ ನಾನೂ ಅದನ್ನೇ ಹೇಳಿದ್ದೆ ಅಕ್ಕ" ಎಂದಳು ಸಾಕಮ್ಮ. "ಬೇಗ ಹೋಗು, ಬೇರೆಯವರು ತಗೊಂಡಾರು ಅಂತ."

ಅವಳು ಹೊಸ್ತಿಲ ಮೇಲೆ ಕುಸಿದು ಕೂತಳು. ಚಿಕ್ಕತಾಯಮ್ಮ ಹೋಗಿ ಅವಳ ಪಕ್ಕದಲ್ಲಿ ಕೂತಳು. ಬೀದಿಯವರಲ್ಲಿ ಒಬ್ಬೊಬ್ಬರೇ ತಲೆ ತಗ್ಗಿಸಿದರು. ಆ ವಾರ ಅವರ ಮನೆಗಳಲ್ಲೂ ಆ ಮಾತನ್ನು ಆಡದವರಿರಲಿಲ್ಲ.

ರಾಗಿಯನ್ನು ಹನ್ನೊಂದು ಮನೆಗೆ ಅಳೆದರು. ಆಮೇಲೆ ಪಕ್ಕದ ಬೀದಿಗೂ ಕೊಟ್ಟರು. ಮರುದಿನ ಬೆಳಗಾಗುತ್ತಲೇ ಬೀಸುವ ಕಲ್ಲುಗಳ ಸದ್ದು ಮತ್ತೆ ಎದ್ದಿತು. ಆ ಸದ್ದಿಗೆ ಚಿಕ್ಕತಾಯಮ್ಮ ಎರಡೂ ಕಿವಿ ಮುಚ್ಚಿಕೊಂಡಳು. ಎರಡು ದಿನ ಅವಳು ಮುದ್ದೆ ಮುಟ್ಟಲಿಲ್ಲ. ಮೂರನೆಯ ದಿನ ಸಾಕಮ್ಮನೇ ಎದುರಿಗೆ ಕೂತು ಉಣ್ಣಿಸಿದಳು. ವಾರದೊಳಗೆ ಮಗಳಿಗೆ ಸುಖವಾಗಿ ಹೆರಿಗೆಯಾಯಿತು, ಹೆಣ್ಣುಮಗು. ಸಾಕಮ್ಮನ ಕೈಯ ಬಳೆ ತೆಗೆಯುವ ದಿನ ಬಂದಾಗ ಹೆಂಗಸರು ಚಿಕ್ಕತಾಯಮ್ಮನ ಕಡೆ ನೋಡಿದರು. ಗೌರಿ ಹಬ್ಬಕ್ಕೆ ಆ ಬಳೆಗಳನ್ನು ತೊಡಿಸಿದವಳು ಅವಳೇ. ಅವಳು ಎದ್ದು ಹಿತ್ತಲಿಗೆ ಹೋದಳು. ಒಂದು ವರ್ಷ ಅವಳು ಮಲಾರವನ್ನು ಹೆಗಲಿಗೆ ಹಾಕಲಿಲ್ಲ. ಸಾಕಮ್ಮನ ಜೊತೆ ಸೇರಿ ಕೂಲಿಗೆ ಹೋದಳು. ಎರಡು ಮನೆಗೂ ಒಂದೇ ಒಲೆ ಆಯಿತು.

ಸೇತುವೆ ಕುಸಿದ ಹತ್ತೊಂಬತ್ತನೆಯ ದಿನ ಹೊಳೆ ಇಳಿಯಿತು. ಕುಸಿದ ಕಮಾನಿನ ಮೇಲೆ ಮರದ ದಿಮ್ಮಿ ಹಾಸಿ ಗಾಡಿ ಬಿಟ್ಟರು. ಅಂಗಡಿಗಳಲ್ಲಿ ಮೂಟೆಗಳು ಮತ್ತೆ ಏರಿದವು. ಎರಡು ಮೂಟೆ ಕೊಂಡವರ ಮನೆಯಲ್ಲಿ ಒಂದೂವರೆ ಮೂಟೆ ಹಾಗೆಯೇ ಉಳಿದಿತ್ತು. ಕೆಲವು ಮನೆಗಳಲ್ಲಿ ಅದಕ್ಕೆ ಹುಳ ಹಿಡಿಯಿತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ನಿರಂಜನಯ್ಯ ಕೇಳಿದ. "ಈ ಬೀದಿಯವರಿಗೇನೋ ಬಳೆಗಾರ್ತಿ ಇದ್ದಳು, ಗೌಡನ ರಾಗಿ ಬಂತು. ಉಳಿದ ಊರಿಗೆ ಏನೂ ಇರಲಿಲ್ಲವಲ್ಲ ಗುರುಗಳೇ. ಆ ಹತ್ತೊಂಬತ್ತು ದಿನದಲ್ಲಿ ಆ ಊರಿನಲ್ಲಿ ಹಸಿವಿನಿಂದ ಎಷ್ಟು ಜನ ಸತ್ತರು?"

"ಹಸಿವಿನಿಂದ ಒಬ್ಬರೂ ಸಾಯಲಿಲ್ಲ, ನಿರಂಜನಯ್ಯ, ಸತ್ತವನು ಒಬ್ಬನೇ, ಅವನು ಅಂದು ಬೆಳಿಗ್ಗೆ ಎರಡು ಮುದ್ದೆ ಉಂಡು ಮನೆಯಿಂದ ಹೊರಟಿದ್ದ."